ಮೊಮ್ಮಗಳ ಕಂಪ್ಯೂಟರಿಗೆ ನಾನಿಟ್ಟ ಗುರುತು

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಡೆದದ್ದು. ನಾನು ಓದಿದ್ದು ಮೂರನೇ ಇಯತ್ತೆ. ತಿಳವಳ್ಳಿಯಿಂದ ಹಾನಗಲ್ಲಿಗೆ ಹೋಗಿ ಪೇಟೆಯಲ್ಲಿ ವೀಳ್ಯದೆಲೆ ಮಾರುತ್ತೇನೆ. ಬರೆದು ರೂಢಿಯಿಲ್ಲ, ಆದರೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ತಪ್ಪಿದ್ದಲ್ಲಿ ಮೊಮ್ಮಗಳು ನೇತ್ರಾ ತಿದ್ದುತ್ತಾಳೆ.

ನೇತ್ರಾ ಹಾನಗಲ್ಲಿನ ಒಬ್ಬ ಇಂಜಿನಿಯರ್ ಹತ್ತಿರ ಕೆಲಸ ಕಲಿಯುತ್ತಿದ್ದಳು. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಬರೆದು ತೋರಿಸುವ ಕೆಲಸ. ಒಂದು ದಿನ ಅವರು, "ನಿಂದ ಸ್ವಂತ ಕಂಪ್ಯೂಟರ್ ಇದ್ರ ಪಗಾರದ ಮ್ಯಾಲೆ ತಗೋತೇನಿ. ಬರೋ ಸೋಮವಾರ ಮುಂಜಾನೆ ಒಂದು ಮನೀ ಮಾಡಿ ತೋರಸ್ಬೇಕು. ಇಲ್ಲಾಂದ್ರ ಬ್ಯಾರೆದವ್ರು ಕಾಯಾಕತ್ತಾರ" ಎಂದರು. ಇದ್ದದ್ದು ಎಂಟೇ ದಿನ.

ಮೊದಲು ಹಾವೇರಿಯ ದೊಡ್ಡ ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ತಂಪು ಗಾಳಿ. ಕೂಡಿಸಿ ನೀರು ಕೊಟ್ಟರು. ಕೇಳದೆ ನೀರು ಕೊಡುವ ಅಂಗಡಿಯ ಮೇಲೆ ನನಗೆ ಆಗಲೇ ಅನುಮಾನ. ದೊಡ್ಡ ಹೆಸರಿನ ಕಂಪನಿಯ ಕಂಪ್ಯೂಟರಿಗೆ ಒಂದು ಲಕ್ಷ ನಲವತ್ತು ಸಾವಿರ ಹೇಳಿದರು. ನೇತ್ರಾ ನನ್ನ ಕಿವಿಯಲ್ಲಿ, "ಇದರೊಳಗಿನ ಸಾಮಾನ ಬಿಡಿಬಿಡಿಯಾಗಿ ತಗೊಂಡ್ರ ಎಂಬತ್ತು ಸಾವಿರದಾಗ ಆಗತೈತಿ ಅಜ್ಜಿ. ನಾನ ಜೋಡಸ್ತೇನಿ" ಎಂದಳು.

"ಉಳಿದ ಅರವತ್ತು ಸಾವಿರ ಎದಕ್ಕ?"

"ಹೆಸರಿಗೆ, ಜೋಡಿಸಿದ್ದಕ್ಕ, ಈ ತಂಪು ಗಾಳಿಗೆ."

"ನೀ ಜೋಡಿಸಿದ್ದು ಕೆಟ್ರ ಯಾರನ್ನ ಹಿಡೀಲಿ? ನಿನ್ನ ಜಡೀನ?"

"ಒಂದೊಂದು ಸಾಮಾನಿಗೂ ಬ್ಯಾರೆ ಬ್ಯಾರೆ ಗ್ಯಾರಂಟಿ ಇರತೈತಿ ಬೇ. ಸುಮ್ನ ಏಳು."

ಹೊರಗೆ ಬಂದೆವು. ಅವಳ ಮಾತು ಸರಿ ಅನಿಸಿದರೂ ಮನಸ್ಸು ಒಪ್ಪಲಿಲ್ಲ. ಮೇಲೆ ಹಸಿರೆಲೆ ಇಟ್ಟು ನಡುವೆ ಬಾಡಿದ್ದನ್ನು ತುಂಬಿದ ಕಟ್ಟುಗಳನ್ನು ನಲವತ್ತು ವರ್ಷ ಬಿಚ್ಚಿ ನೋಡಿದವಳು ನಾನು. ಕಡಿಮೆಗೆ ಸಿಕ್ಕಿತೆಂದರೆ ನಡುವೆ ಏನೋ ಇದ್ದೇ ಇರುತ್ತದೆ.

ಹಾನಗಲ್ಲಿನಲ್ಲಿ ಇರ್ಫಾನ್ ಎಂಬವರ ಅಂಗಡಿಯಲ್ಲಿ ಸಾಮಾನು ತರಿಸಲು ಹೇಳಿದೆವು. ಶುಕ್ರವಾರ ಎಲ್ಲ ಬಂದವು. ಒಳಗೆ ಕರೆಂಟು ಹಂಚುವ ಡಬ್ಬಿ ಮಾತ್ರ ಮರುದಿನ ಹುಬ್ಬಳ್ಳಿಯಿಂದ ಬರಬೇಕಿತ್ತು. ಇರ್ಫಾನ್ ಒಂದೊಂದೇ ಪೆಟ್ಟಿಗೆ ಬಿಚ್ಚಿ ನೇತ್ರಾಳಿಗೆ ತೋರಿಸಿ, "ಇಲ್ಲೇ ಇರ್ಲಿ, ನಾಳೆ ಎಲ್ಲಾ ಕೂಡೇ ಒಯ್ರಿ" ಎಂದರು. ನಾಳೆಯೊಳಗೆ ಹೊಸದು ಹೋಗಿ ಹಳೆಯದು ಬಂದರೆ ಯಾರಿಗೆ ಗೊತ್ತಾಗಬೇಕು?

ನೇತ್ರಾ ಇಂಜಿನಿಯರ್ ಕಡೆ ಹೋದಳು. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಇರ್ಫಾನ್ ಟೋಪಿ ಹಾಕಿಕೊಳ್ಳುತ್ತ, "ಅವ್ವಾರ, ಅಂಗಡಿ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ. ನಮಾಜ್ ಮುಗಿಸಿ ಬಂದ್‌ಬಿಡ್ತೇನಿ" ಎಂದು ಹೊರಟುಹೋದರು.

ಸವಣೂರಿನಿಂದ ಬಸ್ಸಿಗೆ ಬರುವ ಎಲೆ ಬುಟ್ಟಿಗಳು ಅದಲುಬದಲಾಗಬಾರದೆಂದು ನಾವು ಎಲೆ ಮಾರುವವರು ಸುಣ್ಣದ ಬೊಟ್ಟಿಟ್ಟು ಗುರುತು ಮಾಡುತ್ತೇವೆ. ನನ್ನದು ಮೂರು ಬೊಟ್ಟು. ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದೆ. ಪೆಟ್ಟಿಗೆಗೆ ಹಚ್ಚಿದರೆ ಒಳಗಿನದನ್ನು ಬದಲಿಸಬಹುದಲ್ಲ, ಅದಕ್ಕೆ ಒಳಗಿನ ಒಂದೊಂದು ಸಾಮಾನಿಗೇ ಹಚ್ಚಿದೆ. ಬೆರಳಿಗಿಂತ ಸ್ವಲ್ಪ ಉದ್ದದ ಎರಡು ಕರೀ ಪಟ್ಟಿಗಳಿದ್ದವು. ಅವುಗಳ ಅಂಚಿಗೆ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲು. ಕರಿಯ ಮೇಲೆ ಹಚ್ಚಿದರೆ ಎಲ್ಲರಿಗೂ ಎದ್ದು ಕಾಣುತ್ತದೆ ಎಂದು ಆ ಹಲ್ಲಿನ ಮೇಲೇ ತೆಳ್ಳಗೆ ಇಟ್ಟೆ.

ಶನಿವಾರ ಎಲ್ಲವನ್ನೂ ಮನೆಗೆ ತಂದೆವು. ನೇತ್ರಾ ನೆಲಕ್ಕೆ ಚಾದರ ಹಾಸಿ ಅವಸರದಲ್ಲಿ ಜೋಡಿಸತೊಡಗಿದಳು. ನಾನು ಪಕ್ಕಕ್ಕೆ ಕುಳಿತು ಒಂದೊಂದನ್ನೇ ನೋಡಿದೆ. ನನ್ನ ಬೊಟ್ಟು ಇದ್ದಲ್ಲೇ ಇದ್ದವು. ಅವಳು ಗುಂಡಿ ಒತ್ತಿದಳು. ಒಳಗಿನ ಪಂಖ ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಬಿಚ್ಚಿದಳು, ಕೂಡಿಸಿದಳು. ಸಂಜೆಯವರೆಗೂ ಹಾಗೇ. "ಸೋಮವಾರ ಏನ್ ತೋರಸ್ಲಿ ಅಜ್ಜಿ" ಎಂದು ಗೋಡೆಗೆ ಒರಗಿದಳು.

ನನಗೆ ಕಳ್ಳ ಸಿಕ್ಕಿದ್ದ. ಗುರುತಿಲ್ಲದ್ದು ಮರುದಿನ ಬಂದ ಕರೆಂಟಿನ ಡಬ್ಬಿ ಒಂದೇ.

ಭಾನುವಾರ ಮೊದಲ ಬಸ್ಸಿಗೆ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರ ಮುಂದೆಯೇ ಕೇಳಿದೆ. "ಸಾಹೇಬ್ರ, ಉಳಿದದ್ದು ಬದಲ ಮಾಡಾಕ ಆಗ್ಲಿಲ್ಲಂತ ಈ ಡಬ್ಬಿ ಹಳೇದು ಕೊಟ್ರೇನು?"

ಇರ್ಫಾನರ ಮುಖ ಸಣ್ಣದಾಯಿತು. "ಕುಂದರ್ರಿ ಅವ್ವಾರ, ನೋಡೂಣು" ಎಂದರು ಅಷ್ಟೇ. ಬೇರೆ ಹೊಸ ಡಬ್ಬಿ ಹಚ್ಚಿ ನೋಡಿದರು. ಪರದೆ ಕಪ್ಪಗೇ ಇತ್ತು. ಆಮೇಲೆ ಆ ಎರಡು ಪಟ್ಟಿ ಕಿತ್ತು ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದರು, ಮೂಸಿದರು. "ರ‍್ಯಾಮಿನ ಮ್ಯಾಲೆ ಸುಣ್ಣ ಐತ್ರಿ" ಎಂದರು.

ನೇತ್ರಾ ಸುಣ್ಣ ಹತ್ತಿದ ನನ್ನ ತೋರುಬೆರಳು ನೋಡಿದಳು. ನಾನು ಅದನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಅಜ್ಜಿ, ಖರೇ ಹೇಳು."

ಹೇಳಿದೆ. ಎಲ್ಲರ ಮುಂದೆ ಅಂದವಳು ಎಲ್ಲರ ಮುಂದೆಯೇ ಒಪ್ಪಿಕೊಳ್ಳಬೇಕಾಯಿತು. ಆ ಹಲ್ಲಿನ ಮೂಲಕವೇ ಕರೆಂಟು ಓಡಾಡುವುದಂತೆ, ಸುಣ್ಣ ಒಣಗಿ ಅಡ್ಡ ನಿಂತಿತ್ತು. ಗಿರಾಕಿಯೊಬ್ಬ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಗುತ್ತಿದ್ದ. ಇರ್ಫಾನ್ ಮಾತ್ರ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದುಕೊಂಡು ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದರು, ಸಣ್ಣ ಬ್ರಷ್ಷಿನಿಂದ ಪಟ್ಟಿ ಕೂಡಿಸುವ ಸಂದು ಝಾಡಿಸಿದರು.

"ಎಲ್ಲಾದಕ್ಕೂ ಗುರುತು ಮಾಡೀರಿ" ಎಂದರು ತಲೆ ಎತ್ತದೆ. "ನನಗೂ ಒಂದು ಬೊಟ್ಟು ಇಟ್ಟು ಹೋಗ್ಬೇಕಿತ್ತು. ಅಂಗಡಿಯವನು ಬದಲ ಆಗಿಲ್ಲಂತ ತಿಳೀತಿತ್ತು."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ತಪ್ಪಾತ್ರಿ ಸಾಹೇಬ್ರ" ಎಂದೆ. ಪಟ್ಟಿ ಕೂಡಿಸಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಉಜ್ಜಿದ್ದಕ್ಕೆ ಒಂದು ಪೈಸೆಯನ್ನೂ ಮುಟ್ಟಲಿಲ್ಲ.

ಸೋಮವಾರ ನೇತ್ರಾ ತೋರಿಸಿದ ಮನೆಯನ್ನು ಇಂಜಿನಿಯರ್ ಒಪ್ಪಿದರು. ಈಗ ಅವಳಿಗೆ ತಿಂಗಳ ಪಗಾರ. ಅನುಮಾನ ಬಿಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಾಲ್ಕು ಜನರ ಮುಂದೆ ಒಬ್ಬರ ಮರ್ಯಾದೆಗೆ ಕೈ ಹಾಕುವ ಮೊದಲು ಈಗ ಬಾಯಿ ತಡೆಯುತ್ತದೆ.

ಆ ಸೋಮವಾರ ಸಂಜೆ ನೇತ್ರಾ ಆ ಮನೆಯನ್ನು ನನಗೂ ತೋರಿಸಿದಳು. ಮುಂದೆ ಕಟ್ಟೆ, ಮೇಲೆ ಹೋಗಲು ಮೆಟ್ಟಿಲು, ಎಷ್ಟು ಚೆಂದವಿತ್ತೆಂದರೆ ನನಗೆ ನಂಬಿಕೆ ಬರಲಿಲ್ಲ.

"ಹಿಂದಿನ ಗ್ವಾಡಿ ಐತೋ, ಬರೇ ಮುಂದಷ್ಟ ಮಾಡಿಯೋ?" ಎಂದೆ.

ಅವಳು ನಗುತ್ತ ಒಂದು ಬೆರಳಿನಿಂದ ಇಡೀ ಮನೆಯನ್ನೇ ತಿರುಗಿಸಿದಳು. ಗೋಡೆ ಇತ್ತು. ಅದಕ್ಕೊಂದು ಕಿಟಕಿಯೂ ಇತ್ತು.