ಅತ್ತೆಯ ಕೋಣೆಯ ಗಾಳಿ

ಕೊಪ್ಪಳದ ಹೊರಗೆ, ಕಾರ್ಖಾನೆಗಳ ಮಗ್ಗುಲಿಗೆ ನಮ್ಮ ಮನೆ. ಬೆಳಿಗ್ಗೆ ಎದ್ದು ನಾನು ಮೊದಲು ಮಾಡುವ ಕೆಲಸ ಕಪ್ಪು ದೂಳು ಒರೆಸುವುದು. ಅತ್ತೆಗೆ ದಮ್ಮು ಹೆಚ್ಚಾದಾಗ ಡಾಕ್ಟರು, ಕಿಟಕಿ ತೆರೆಯಬೇಡಿ ಎಂದರು. ನನ್ನ ಗಂಡ ಅವರ ಕೋಣೆಗೆ ಎ.ಸಿ. ಹಾಕಿಸಿದರು. ತಂಪೇನೋ ಆಯಿತು, ಆದರೆ ಒಳಗಿನ ಗಾಳಿ ಒಳಗೇ ಸುತ್ತಿ ಅತ್ತೆಗೆ ತಲೆ ಭಾರವಾಗತೊಡಗಿತು. ಗೋಡೆ ಒಡೆಸಿ ಎಗ್ಸಾಸ್ಟ್ ಫ್ಯಾನ್ ಕೂಡಿಸಿದೆವು. ಅದು ಗಾಳಿಯನ್ನು ಹೊರಗೆ ಎಳೆದಂತೆಲ್ಲ ಬಾಗಿಲಿನ ಸಂದಿಯಿಂದ ಬಿಸಿಲಿನ ಝಳವೂ ದೂಳೂ ಒಳಗೆ ನುಗ್ಗಿದವು. ಅತ್ತೆಯ ದಿಂಬೂ ಕಪ್ಪಾಯಿತು.

ಆಗ ಹುಬ್ಬಳ್ಳಿಯಿಂದ ಒಬ್ಬ ಮೆಕ್ಯಾನಿಕ್ ಗಾಳಿ ಬದಲಿಸುವ ಹೊಸ ಮಷೀನು ತಂದ.

"ಫ್ಯಾನ್ ಹಾಕಿದ್ರ ಎ.ಸಿ. ತಂಪೆಲ್ಲಾ ಹೊರಗ ಹೋಗ್ತೈತ್ರಿ. ಈ ಮಷೀನು ಹಂಗಲ್ಲ. ಹೋಗೋ ಗಾಳಿ ತಂಪನ್ನ ಬರೋ ಗಾಳಿಗೆ ಕೊಡ್ತೈತಿ. ಎರಡೂ ಗಾಳಿ ಒಂದಕ್ಕೊಂದು ಕೂಡಂಗಿಲ್ಲ. ಬರೋದು ದೂಳ ಹಿಡಿಯೋ ಜಾಳಗಿ ದಾಟೇ ಬರ್ತೈತಿ," ಎಂದ.

ಫ್ಯಾನ್ ತೆಗೆಸಿ ಅದನ್ನೇ ಕೂಡಿಸಿದೆವು. ಅವನು ಹೇಳಿದ್ದು ಸುಳ್ಳಾಗಲಿಲ್ಲ. ಅತ್ತೆ ಬೆಳಗಿನವರೆಗೆ ಮಲಗಿ ನಿದ್ದೆ ಮಾಡಿದರು. ನಾನು ತೆಗೆದು ನೋಡಿದಾಗಲೆಲ್ಲ ಜಾಳಿಗೆ ಇದ್ದಿಲಿನಂತೆ ಕಪ್ಪಾಗಿರುತ್ತಿತ್ತು.

ಪಕ್ಕದ ಮನೆಯ ಮುಸ್ಲಿಂ ಮುದುಕಿಯನ್ನು ನಾವು ಖಾಲಾ ಎನ್ನುತ್ತಿದ್ದೆವು; ಅವರು ಅತ್ತೆಯ ಹಳೆಯ ಗೆಳತಿ. ಅವರಿಗೂ ಅದೇ ಕೆಮ್ಮು. ಮುಂಚೆ ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಈಗ ಖಾಲಾ ಮಧ್ಯಾಹ್ನ ಈ ಕೋಣೆಗೆ ಬರತೊಡಗಿದರು.

"ಇಲ್ಲಿ ಕುಂತ್ರ ಎದಿ ಹಗುರ ಆಗ್ತೈತಿ ನೋಡ," ಎನ್ನುತ್ತಿದ್ದರು.

"ಹಂಗಾರ ಇಲ್ಲೇ ಮಲಗ," ಎಂದು ಅತ್ತೆ ಕರೆಯುತ್ತಿದ್ದರು.

"ಮನ್ಯಾಗ ರೊಟ್ಟಿ ಯಾರ್ ಬಡಿಬೇಕು?"

ಚಳಿಗಾಲದಲ್ಲಿ ದೂಳು ಮೇಲೇಳದೆ ಓಣಿಯಲ್ಲೇ ಕೂತುಬಿಡುತ್ತದೆ. ಒಂದು ನಸುಕಿನಲ್ಲಿ ಉಸಿರು ಸಿಗದೆ ಖಾಲಾರನ್ನು ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಹೆಣ ಮನೆಗೆ ಬಂತು. ಬೇಡವೆಂದರೂ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಹೋಗಿ, ಮಣ್ಣಿಗೆ ಒಯ್ಯುವವರೆಗೂ ಅಲ್ಲೇ ಕೂತರು.

ಮನೆಗೆ ಬಂದವರು ನನ್ನನ್ನು ಕರೆದು, "ನನ್ನ ಹಾಸಗಿ ಪಡಸಾಲ್ಯಾಗ ಹಾಕವ್ವಾ," ಎಂದರು.

"ಅಲ್ಲಿ ದಮ್ಮು ಹೆಚ್ಚಾಗ್ತೈತ್ರಿ ಅತ್ತಿ."

"ಆಗ್ಲಿ. ಈ ಓಣ್ಯಾಗ ನಾ ಒಬ್ಬಾಕಿ ಛಲೋ ಗಾಳಿ ಕುಡಕೋತ ಮಲಗೂದು ನನಗ ಸೇರಂಗಿಲ್ಲ."

ಗಂಡ ಬೈದರು, ಕೈ ಮುಗಿದರು. ಅತ್ತೆ ಕೇಳಲಿಲ್ಲ. ಉಸಿರು ಪೂರಾ ಕಟ್ಟಿದಾಗ ಮಾತ್ರ ನಾವಿಬ್ಬರೂ ಹಿಡಿದು ಕೋಣೆಗೆ ಕರೆದೊಯ್ಯುತ್ತೇವೆ. ಸ್ವಲ್ಪ ಸುಧಾರಿಸಿದರೆ ಗೋಡೆ ಹಿಡಿದುಕೊಂಡು ತಾವೇ ಹೊರಗೆ ಬರುತ್ತಾರೆ. ಪಡಸಾಲೆಯಿಂದ ಕೆಮ್ಮು ಕೇಳಿಸುತ್ತಿರುತ್ತದೆ. ಕೆಮ್ಮು ನಿಂತರೆ ನಾನು ಎದ್ದು ಹೋಗಿ ನೋಡುತ್ತೇನೆ.