ಸಂಗಪ್ಪನವರು ತಲೆ ಆನಿಸುತ್ತಿದ್ದ ಜಾಗ

ಕಲ್ಲಿಗೆ ಹಿಡಿಯುವ ಮೊದಲು ಸಂಗಪ್ಪನವರು ಪುಡಿ ಚಿಮ್ಮಿಸುವ ಗನ್ನಿನ ಮೂತಿಯನ್ನು ತಮ್ಮ ಅಂಗೈಗೆ ಹಿಡಿಯುತ್ತಿದ್ದರು. ಅಕ್ರೋಟಿನ ಚಿಪ್ಪಿನ ನುಣ್ಣನೆಯ ಪುಡಿ ಗಾಳಿಯೊಂದಿಗೆ ಚರ್ಮಕ್ಕೆ ಬಡಿಯುತ್ತಿತ್ತು. ಉರಿದರೆ ಗಾಳಿಯ ಒತ್ತಡ ಇಳಿಸುವರು. ಕಚಗುಳಿ ಇಟ್ಟಂತಾದರೆ ಮಾತ್ರ ಗೋಡೆಯತ್ತ ತಿರುಗುವರು. "ಕಲ್ಲು ಚೀರೂದಿಲ್ರಿ. ಅದಕ್ಕ ನಾ ಮೊದಲ ಚೀರಿ ನೋಡ್ತೀನಿ" ಎನ್ನುತ್ತಿದ್ದರು.

ಪುಣೆಯ ವಾಡೆಗಳೆಂಬ ಹಳೆಯ ದೊಡ್ಡ ಮನೆಗಳ, ಗುಡಿಗಳ ಮಸಿಯನ್ನೂ ಎಣ್ಣೆಬಣ್ಣವನ್ನೂ ಕಲ್ಲಿಗೆ ನೋವಾಗದಂತೆ ತೆಗೆಯುವುದು ಅವರ ಕೆಲಸ. ಪತ್ರಿಕೆಯ ವರದಿಗೆಂದು ಹೋದ ನನಗೆ ಹಾಗೆ ಪರಿಚಯವಾದವರು. ವಿಜಯಪುರದ ಕಡೆಯವರು. ಹರೆಯದಲ್ಲಿ ಮುಂಬಯಿಯಲ್ಲಿ ಹಡಗುಗಳ ತುಕ್ಕು ತೆಗೆಯಲು ಇಂಥದ್ದೇ ಗನ್ನಿನಿಂದ ಮರಳು ಹೊಡೆದಿದ್ದರು, ಮೂಗಿಗೆ ಬರೀ ಒಂದು ಟವೆಲ್ ಕಟ್ಟಿಕೊಂಡು. ಆ ಧೂಳು ಶ್ವಾಸಕೋಶದಲ್ಲೇ ಉಳಿಯಿತು. ಈ ಮೃದುವಾದ ಕೆಲಸ ಕಲಿಯುವ ಹೊತ್ತಿಗಾಗಲೇ ಮೆಟ್ಟಿಲು ಹತ್ತುತ್ತ ನಡುವೆ ನಿಲ್ಲುವಂತಾಗಿತ್ತು.

ಕೆಲಸ ಹಿಡಿಯುವ ಮೊದಲು ಮನೆಯವರನ್ನು ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು: ಇಲ್ಲಿ ಯಾರು ಕೂರುತ್ತಿದ್ದರು? ಅದಕ್ಕೆ ಕಾರಣ ಕಸಬಾ ಪೇಟೆಯ ಒಂದು ವಾಡೆ. ಅಲ್ಲಿ ಬಾಗಿಲ ಪಕ್ಕದ ಕಲ್ಲಿನ ಮೇಲೆ ಜಿಡ್ಡಿನ ಕಪ್ಪು ಕಲೆಯಿತ್ತು. ಸಂಗಪ್ಪನವರು ಅಚ್ಚುಕಟ್ಟಾಗಿ ತೆಗೆದರು. ಸಂಜೆ ಹೊರಬಂದ ಮನೆಯ ಅಜ್ಜಿ ಕಲ್ಲನ್ನು ಸವರಿ, ಅಲ್ಲೇ ಕುಳಿತುಬಿಟ್ಟರು. ತೀರಿಹೋದ ಗಂಡ ಅಲ್ಲಿಗೆ ತಲೆ ಆನಿಸಿ ಪೇಪರ್ ಓದುತ್ತಿದ್ದರಂತೆ. ಅಜ್ಜಿ ಚಹಾ ಕೊಟ್ಟು ಕಳಿಸಿದರು.

"ಬೈದಿದ್ರ ಮರೀತಿದ್ನಿರಿ" ಎಂದಿದ್ದರು ಸಂಗಪ್ಪನವರು.

ಕೊನೆಯ ಸಲ ಅವರನ್ನು ಕಂಡದ್ದು ಪುಣೆಯ ದಾಪೋಡಿಯಲ್ಲಿದ್ದ ಅವರ ಒಂದೇ ಕೋಣೆಯ ಮನೆಯಲ್ಲಿ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಹಗಲೆಲ್ಲ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ತಲೆ ತಾಗಿದಲ್ಲಿ ಕೊಬ್ಬರಿ ಎಣ್ಣೆಯ ಕಂದು ಗುರುತು ಮೂಡಿತ್ತು. ಹೆಂಡತಿ ಶಾಂತವ್ವ ಅದನ್ನು ನನಗೆ ತೋರಿಸಿ, "ಮಂದೀ ಗ್ವಾಡಿ ಎಲ್ಲಾ ಬೆಳಗಿದ್ರು. ಮನೀ ಗ್ವಾಡಿ ನೋಡ್ರಿ ಇಲ್ಲಿ" ಎಂದು ಛೇಡಿಸಿದರು.

ಸಂಗಪ್ಪನವರು ಉಸಿರು ಕೂಡಿಸಿಕೊಂಡರು. "ಇರ್ಲಿ ಬಿಡ. ನಿನಗ ಬೇಕಾಗ್ತದ."

ಶಾಂತವ್ವ ನಗುತ್ತಲೇ ಅತ್ತ ತಿರುಗಿದರು.

ಸಂಗಪ್ಪನವರು ತೀರಿಕೊಂಡಾಗ ಮಣ್ಣು ವಿಜಯಪುರದ ಕಡೆಯ ಅವರ ಊರಲ್ಲೇ ಆಯಿತು. ಶಾಂತವ್ವ ಅಲ್ಲಿಂದ ಮರಳಿದ ದಿನ ನಾನೂ ದಾಪೋಡಿಗೆ ಹೋಗಿದ್ದೆ. ಸಾವಾದ ಮನೆಗೆ ಸುಣ್ಣ ಬಳಿಯುವುದು ರೂಢಿ. ಒಬ್ಬಳೇ ಹೇಗೆ ಮಾಡಿಯಾಳು ಎಂದು ನೆರೆಯವರು, ಆಕೆ ಬಿಟ್ಟುಹೋಗಿದ್ದ ಕೀಲಿಯಿಂದ ಬಾಗಿಲು ತೆಗೆದು, ಗೋಡೆಗಳಿಗೆಲ್ಲ ದಪ್ಪಗೆ ಬಳಿದು ಮುಗಿಸಿದ್ದರು. ಎಲ್ಲರೂ ಮಾವಶಿ ಎನ್ನುವ ಪಕ್ಕದ ಮನೆಯ ಹಿರಿಯ ಹೆಂಗಸು ಕೈಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಎಲ್ಲ ಸ್ವಚ್ಛ ಮಾಡಿದ್ದೇವೆ, ನೀನೇನೂ ಚಿಂತಿಸಬೇಡ ಎಂದರು.

ಶಾಂತವ್ವ ಚೀಲ ಇಳಿಸಿ, ಎಲ್ಲರಿಗೂ ಚಹಾ ಮಾಡಿ ಕೊಟ್ಟರು.

ಅವರೆಲ್ಲ ಹೋದ ಮೇಲೆ ಗೋಡೆಯ ಬುಡದಲ್ಲಿ ಕುಳಿತು, ಹಸಿ ಸುಣ್ಣದ ಮೇಲೆ ಅಂಗೈ ಆಡಿಸತೊಡಗಿದರು. ಒಂದೆಡೆ ನಿಲ್ಲಿಸಿದರು. ಅಲ್ಲವೆಂದು ತಲೆಯಾಡಿಸಿ ಕೈಯನ್ನು ತುಸು ಮೇಲೆ ಸರಿಸಿದರು.

"ಇಲ್ಲೇ ಏನ್ರಿ? ನೀವೂ ನೋಡೀರಲ್ಲ" ಎಂದು ನನ್ನನ್ನು ಕೇಳಿದರು.

ಎದ್ದು ಹತ್ತಿರ ಹೋಗಿ ನೋಡಿದೆ. ನನಗೂ ಜಾಗ ಗೊತ್ತಾಗಲಿಲ್ಲ.