ಮಾಸ್ತರರ ಹೆಸರಿನ ರಿಯಾಯಿತಿ

ಏಜೆಂಟರು ಮೊತ್ತ ಹೇಳಿದಾಗ ನಾನು ಕೇಳಿದ್ದು, ಇದು ಒಂದು ವರ್ಷದ ವಿಮೆಯೋ ಕಾರಿನ ಬೆಲೆಯೋ ಎಂದು. ಅವರು ನಗಲಿಲ್ಲ. ರಾಯಚೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಆ ಪುಟ್ಟ ಕಚೇರಿಗೆ ಹೊಸ ಲೈಸೆನ್ಸ್ ಹಿಡಿದು ಬರುವವರೆಲ್ಲ ಇದನ್ನೇ ಕೇಳುತ್ತಾರೇನೋ.

ಕಾರು ಹಳೆಯದು. ಅಪ್ಪ ಮಾನ್ವಿಯ ಹೈಸ್ಕೂಲಿನಲ್ಲಿ ಜವಾನ. ಅಲ್ಲಿಂದ ನಿವೃತ್ತರಾದ ಹೆಡ್‌ಮಾಸ್ತರರು ತಮ್ಮ ಕಾರನ್ನು ನಮಗೆ ಅಗ್ಗಕ್ಕೆ ಕೊಟ್ಟಿದ್ದರು. ನನಗೆ ದೇವದುರ್ಗದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ರಾಯಚೂರಿನ ಬಾಡಿಗೆ ಕೋಣೆಯಿಂದ ದಿನಾ ಹೋಗಿಬರಬೇಕು. ಮೊದಲ ತರಗತಿಗೆ ಎರಡು ಸಲ ತಡವಾದ ಮೇಲೆ ಪ್ರಿನ್ಸಿಪಾಲರು ಮೂರನೆಯ ಸಲಕ್ಕೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೇಳಿದ್ದರು.

ಮಾಸ್ತರರು ವರ್ಷಗಟ್ಟಲೆ ಒಂದೂ ಕ್ಲೇಮ್ ಮಾಡಿರಲಿಲ್ಲ. ಅದಕ್ಕಾಗಿ ಅವರಿಗೆ ದೊಡ್ಡ ರಿಯಾಯಿತಿ ಇತ್ತು. ಅದೇ ಕಾರು, ಆ ರಿಯಾಯಿತಿ ನನಗೇಕಿಲ್ಲ ಎಂದು ಕೇಳಿದೆ.

"ರಿಯಾಯಿತಿ ಗಾಡಿಗಲ್ಲರೀ ಮೇಡಂ, ಮಾಲಕರಿಗೆ ಇರ್ತದ," ಎಂದರು ಏಜೆಂಟರು. "ನೀವು ಹ್ಯಾಂಗ ಹೊಡೀತೀರಿ ಅಂತ ಕಂಪನಿಗೆ ಏನ್ ಗೊತ್ತು?"

ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕು, ಗೊತ್ತಿಲ್ಲವೆಂದು ದಂಡ ಹಾಕುವುದು ಯಾವ ನ್ಯಾಯ? ಯಾರೋ ಹುಡುಗರು ಬೈಪಾಸಿನಲ್ಲಿ ರೇಸ್ ಬಿಟ್ಟಿದ್ದಕ್ಕೆ ನಾನೇಕೆ ತೆರಬೇಕು? ನಾನು ಓದುವಾಗಿನ ಚರ್ಚಾಸ್ಪರ್ಧೆಯಲ್ಲಾದರೆ ಗಂಟೆ ಹೊಡೆಯುವಷ್ಟರಲ್ಲಿ ಎದುರಾಳಿ ಬೆವರುತ್ತಿದ್ದ. ಏಜೆಂಟರು ಫೋನ್ ನೋಡುತ್ತಿದ್ದರು.

ಉಪಾಯ ನನ್ನದೇ. ಕಾರು ಸದ್ಯಕ್ಕೆ ಮಾಸ್ತರರ ಹೆಸರಿನಲ್ಲೇ ಇರಲಿ, ವಿಮೆಯೂ ಅವರ ಹೆಸರಿನಲ್ಲೇ ನವೀಕರಣವಾಗಲಿ, ಒಂದು ವರ್ಷ ಕಳೆದ ಮೇಲೆ ನೋಡೋಣ ಎಂದೆ. ಅಪ್ಪನಿಗೆ ಮನಸ್ಸಿರಲಿಲ್ಲ. ಇಪ್ಪತ್ತು ವರ್ಷ ಅವರಿಗೆ ಚಹಾ ಕೊಟ್ಟವನು, ಈಗ ಅವರ ಹೆಸರನ್ನೇ ಎರವಲು ಕೇಳುವುದು ಹೇಗೆಂದ. ನಾನು ವಾದ ಮಾಡಿ ಗೆದ್ದೆ. ಅಪ್ಪ ಹೋಗಿ ಕೇಳಿದ. ಮಾಸ್ತರರು ಆಗಲಿ ಎಂದರಂತೆ. ಆ ರಿಯಾಯಿತಿಯನ್ನು ಮುಂದೆ ನನ್ನ ಹೊಸ ಕಾರಿಗೆ ಹಾಕಿಕೊಳ್ಳಬೇಕೆಂದಿದ್ದೇನೆ, ಗಾಡಿ ಜೋಪಾನ ಎಂದಷ್ಟೇ ಹೇಳಿದ್ದರು.

ಕಾರು ಓಡಿಸತೊಡಗಿದ ಮೂರನೆಯ ವಾರ, ದೇವದುರ್ಗದ ದಾರಿಯಲ್ಲಿ ಮಸರಕಲ್ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಹುರುಳಿ ಬಳ್ಳಿ ಹಾಸಿದ್ದರು. ಗಾಡಿಗಳು ಹಾಯ್ದರೆ ಕಾಳು ಉದುರುತ್ತದೆ, ಬಡಿಯುವ ಕೂಲಿ ಉಳಿಯುತ್ತದೆ. ಬಸ್ಸಿನ ಕಿಟಕಿಯಿಂದ ಇದನ್ನು ಎಷ್ಟೋ ಸಲ ನೋಡಿದ್ದೆ. ಆದರೆ ಕಾಳು ತುಳಿಯಬಾರದೆಂದು ನಮ್ಮ ಮನೆಯಲ್ಲಿ ಬೈಸಿಕೊಂಡು ಬೆಳೆದ ಕಾಲು ಬ್ರೇಕಿನ ಮೇಲಿತ್ತು. ಒತ್ತಿಬಿಟ್ಟೆ. ಒಣ ಬಳ್ಳಿಯ ಮೇಲೆ ಕಾರು ಸರ್ರನೆ ಜಾರಿ, ಪಕ್ಕದಲ್ಲಿ ನಿಲ್ಲಿಸಿದ್ದ ಬೈಕಿಗೆ ಗುದ್ದಿ, ಅದನ್ನು ಕೆಡವಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಬಂಪರ್ ಒಡೆಯಿತು, ಬೈಕಿನ ಹ್ಯಾಂಡಲ್ ಸೊಟ್ಟಗಾಯಿತು.

ರಸ್ತೆ ಕಣವಲ್ಲ ಎಂದು ನಾನು ಇಳಿಯುತ್ತಲೇ ಶುರುಮಾಡಿದೆ. ಬೈಕಿನ ರೈತ ನನ್ನನ್ನು ಪೂರ್ತಿ ಮಾತಾಡಲು ಬಿಟ್ಟ. "ನಾವು ಹಾಸಿದ್ದು ನೀವು ಹಾಯ್ಲಿ ಅಂತರೀ, ನಿಂದರ್ಲಿ ಅಂತಲ್ಲ," ಎಂದ ಆಮೇಲೆ. "ಬಸ್ಸು, ಲಾರಿ, ಟ್ರ್ಯಾಕ್ಟರ್ ಎಲ್ಲಾ ಹೋದ್ವು. ನಿಮಗೊಬ್ಬರಿಗ ಬ್ರೇಕ್ ನೆನಪಾತೇನ್?" ಬಳ್ಳಿ ತಿರುವುತ್ತಿದ್ದ ಹೆಂಗಸರು ನಕ್ಕರು. ಬೈಕ್ ನಾನೇ ರಿಪೇರಿ ಮಾಡಿಸಿಕೊಡುವುದಾಗಿ ಒಪ್ಪಿಕೊಂಡೆ. ಅವತ್ತು ತರಗತಿ ತಪ್ಪಲಿಲ್ಲ, ಬಂಪರ್ ಎಳೆದುಕೊಂಡೇ ಹೋದೆ. ಪಾಠ ಏನು ಮಾಡಿದೆನೋ ನೆನಪಿಲ್ಲ.

ಕ್ಲೇಮ್ ಮಾಡಿದರೆ ನನ್ನ ಖರ್ಚು ಉಳಿಯುತ್ತದೆ, ಮಾಸ್ತರರ ಇಷ್ಟು ವರ್ಷಗಳ ರಿಯಾಯಿತಿ ಹೋಗುತ್ತದೆ. ಮಾಡದೆ ಮುಚ್ಚಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮುಂದಿನ ಗುದ್ದೂ ಅವರ ಹೆಸರಿನಲ್ಲೇ ಬೀಳುತ್ತದೆ. ಎರಡು ದಿನ ಎರಡೂ ಕಡೆಯಿಂದ ವಾದಿಸಿದೆ, ಒಂದು ಕಡೆಯೂ ನಿಲ್ಲಲಾಗಲಿಲ್ಲ. ಭಾನುವಾರ ಮಾನ್ವಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಅಂಗಿ ಹಾಕಿಕೊಂಡು ಹೊರಟೇಬಿಟ್ಟ. ತಾನೇ ಹೇಳುತ್ತೇನೆ, ನೀನು ಬಾಯಿ ತೆರೆಯಬೇಡ ಎಂದ.

ಮಾಸ್ತರರ ಮನೆಯಲ್ಲಿ ಅಪ್ಪ ಕುರ್ಚಿಯಿದ್ದರೂ ಬಾಗಿಲ ಬಳಿಯೇ ನಿಂತು, ತಪ್ಪೆಲ್ಲ ತನ್ನದೆಂಬಂತೆ ನಡೆದದ್ದನ್ನು ಹೇಳಿದ. ಹೆಸರು ಎರವಲು ಕೇಳಿದ ಉಪಾಯವೂ ತನ್ನದೇ ಎಂದ. ಮಾಸ್ತರರು ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು. ಇಲ್ಲವೆಂದಾಗ ಕನ್ನಡಕ ಹುಡುಕಿದರು.

"ಫಾರಂ ತಂದೀಯೇನ್ ತಾಯಿ? ಕ್ಲೇಮಿಗೆ ನಂದೇ ಸಹಿ ಬೇಕಲ್ಲ. ಕೊಡು, ಮಾಡ್ತೀನಿ. ರಿಯಾಯಿತಿ ಹೋದ್ರ ಹೋಗ್ಲಿ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅಪ್ಪ ನೆಲ ನೋಡುತ್ತಿದ್ದ.

"ಉಪಾಯ ಅಪ್ಪಂದಲ್ಲರೀ ಸರ್, ನಂದು," ಎಂದೆ. "ಕ್ಲೇಮ್ ಬ್ಯಾಡ. ಗಾಡಿ ನನ್ನ ಹೆಸರಿಗೆ ಮಾಡಾಕ ಸಹಿ ಹಾಕ್ರಿ."

ವಾರದೊಳಗೆ ಏಜೆಂಟರ ಮುಂದೆ ಮತ್ತೆ ಕುಳಿತಿದ್ದೆ. ಅಪ್ಪನೂ ಬಂದಿದ್ದ. ವಿಮೆಯನ್ನೂ ನನ್ನ ಹೆಸರಿಗೆ ಮಾಡಿಸಿ, ಅವತ್ತು ತಪ್ಪಿಸಿಕೊಂಡಿದ್ದ ವ್ಯತ್ಯಾಸವನ್ನೆಲ್ಲ ಕಟ್ಟಿದೆ. ನನ್ನನ್ನು ನೋಡದೆಯೇ ಕಂಪನಿ ನನ್ನ ಬಗ್ಗೆ ಅನುಮಾನಪಟ್ಟದ್ದು ಮೂರೇ ವಾರದಲ್ಲಿ ನಿಜವಾಗಿತ್ತು. ಹಾಗೆಂದು ಅದು ನ್ಯಾಯವೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಕಾಳು ತುಳಿಯಲು ಹಿಂಜರಿದದ್ದಕ್ಕೆ ಯಾವ ದರಪಟ್ಟಿಯಲ್ಲಿ ಲೆಕ್ಕವಿದೆ? ಹೊರಗೆ ಬಂದು ಇದನ್ನೇ ಅಪ್ಪನಿಗೆ ಹೇಳತೊಡಗಿದೆ.

"ಖರೇ ಅದ ಯವ್ವಾ," ಎಂದ ಅಪ್ಪ, ಕಾರಿನ ಬಾಗಿಲು ತೆಗೆಯುತ್ತ. "ಇದನ್ನ ಅವತ್ತ ಕಟ್ಟಿದ್ರ ನಾ ಮಾಸ್ತರ ಮನಿಗೆ ಎರಡು ಸಲ ಹೋಗೂದು ತಪ್ತಿತ್ತು."

ಗಾಡಿ ಚಾಲೂ ಮಾಡಿದೆ.